ದಪ್ಪ ಬೆಲ್ಟಿನ ಸೀಟು

ಕಾಲು ಚಾಚೋಕೆ ಜಾಗ ಸಿಗುತ್ತೆ ಅಂತ ಎಕ್ಸ್‌ಟ್ರಾ ದುಡ್ಡು ಕೊಟ್ಟು ಮೊದಲ ಸಾಲಿನ ಸೀಟು ಬುಕ್ ಮಾಡಿದ್ದೆವು. ನಾನು, ನನ್ನ ಗಂಡ, ಮಡಿಲಲ್ಲಿ ಒಂಬತ್ತು ತಿಂಗಳ ಮಗಳು. ಬೆಂಗಳೂರಿನಿಂದ ಮ್ಯೂನಿಕ್‌ಗೆ, ನಡುವೆ ಒಂದು ಕಡೆ ವಿಮಾನ ಬದಲಾಯಿಸಬೇಕು. ಅವರಿಗೆ ಅಲ್ಲಿ ಮೂರು ತಿಂಗಳ ಪ್ರಾಜೆಕ್ಟ್. ನನ್ನದು ಹೆರಿಗೆ ರಜೆ ಮುಗಿದು ವರ್ಕ್ ಫ್ರಮ್ ಹೋಮ್ ಶುರುವಾಗಿದ್ದ ತ್ರಿಶಂಕು ಸ್ಥಿತಿ.

ಬೆಂಗಳೂರಿನ ಏರ್‌ಪೋರ್ಟಿಗೆ ಬಿಡೋಕೆ ಬಂದಿದ್ದ ಅತ್ತೆ ಮಗುವಿನ ಹಣೆಗೆ ದೃಷ್ಟಿಬೊಟ್ಟು ಇಟ್ಟು, ‘ಬೆಲ್ಟ್ ಗಿಲ್ಟ್ ಎಲ್ಲಾ ಸರಿಯಾಗಿ ಹಾಕ್ಕೊಳ್ಳಿ’ ಅಂದರು. ಪಕ್ಕದಲ್ಲಿದ್ದ ಮಾವ, ‘ವಿಮಾನ ಬಿದ್ರೆ ಬೆಲ್ಟ್ ಏನ್ ಮಾಡುತ್ತೆ ಬಿಡೇ’ ಅಂತ ನಕ್ಕರು. ಅತ್ತೆ ನಗಲಿಲ್ಲ. 2025ರ ಜೂನ್‌ನಲ್ಲಿ ಅಹಮದಾಬಾದಿನಲ್ಲಿ ಆದದ್ದನ್ನು ಟಿವಿಯಲ್ಲಿ ನೋಡಿದ ಮೇಲೆ ನಮ್ಮನೇಲಿ ವಿಮಾನದ ಜೋಕಿಗೆ ಯಾರೂ ಸರಿಯಾಗಿ ನಗೋದಿಲ್ಲ.

ಮೊದಲ ವಿಮಾನದಲ್ಲಿ ಏನೂ ತೊಂದರೆಯಾಗಲಿಲ್ಲ. ಎರಡನೆಯದರಲ್ಲಿ ನಮ್ಮ ಸೀಟಿಗೆ ಬಂದು ಕೂತೆವು. ಎದುರಿಗೆ ಗೋಡೆ, ಕಾಲಿಗೆ ಧಾರಾಳ ಜಾಗ, ಕೊಟ್ಟ ದುಡ್ಡಿಗೆ ಮೋಸವಿಲ್ಲ ಅಂದುಕೊಂಡೆ. ಬೆಲ್ಟ್ ಕೈಗೆತ್ತಿಕೊಂಡಾಗ ಮಾತ್ರ ಅದು ಮಾಮೂಲಿ ಬೆಲ್ಟಿನ ಹಾಗಿರಲಿಲ್ಲ. ಒಳಗೆ ಏನೋ ಮಡಚಿಟ್ಟು ಹೊಲಿದ ಹಾಗೆ ದಪ್ಪ, ಭಾರ. ನಮ್ಮಜ್ಜಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದ ಎಲೆಯಡಿಕೆ ಸಂಚಿ ನೆನಪಾಯ್ತು.

ಅಷ್ಟರಲ್ಲಿ ಗಗನಸಖಿ ಬಂದಳು. ಒಮ್ಮೆ ಮಗುವನ್ನು ನೋಡಿದಳು, ಒಮ್ಮೆ ಬೆಲ್ಟ್ ನೋಡಿದಳು. ‘ಸಾರಿ ಮೇಡಂ, ಮಗು ಎತ್ತಿಕೊಂಡು ಈ ಸೀಟಲ್ಲಿ ಕೂರೋ ಹಾಗಿಲ್ಲ. ಇದು ಏರ್‌ಬ್ಯಾಗ್ ಬೆಲ್ಟ್.’

ನನಗೆ ಮೊದಲು ಅರ್ಥವೇ ಆಗಲಿಲ್ಲ. ವಿಮಾನದಲ್ಲಿ ಏರ್‌ಬ್ಯಾಗಾ? ಅರ್ಥವಾದ ಮೇಲೆ ಸಿಟ್ಟು ಬಂತು. ಟಿಕೆಟ್ ಬುಕ್ ಮಾಡುವಾಗ ಮಗುವಿನ ಹೆಸರು, ಹುಟ್ಟಿದ ದಿನ, ಪಾಸ್‌ಪೋರ್ಟ್ ನಂಬರ್ ಎಲ್ಲಾ ಕೊಟ್ಟಿದ್ದೇವೆ. ಅದೇ ವೆಬ್‌ಸೈಟು ಅದೇ ಬುಕಿಂಗಿನಲ್ಲಿ ಈ ಸೀಟನ್ನು ನಮಗೆ ಮಾರಿದೆ. ನಮ್ಮ ಹಿಂದೆ ಕ್ಯೂ ಬೆಳೀತಿತ್ತು, ಮಗಳು ಅಳೋಕೆ ಶುರುಮಾಡಿದ್ದಳು. ಕೊನೆಗೆ ಹದಿನೈದು ಸಾಲು ಹಿಂದೆ ಕೂತಿದ್ದ ಒಬ್ಬ ಕಾಲೇಜು ಹುಡುಗ ಸಂತೋಷದಿಂದ ನನ್ನ ಸೀಟಿಗೆ ಬಂದ. ನಾನು ಅವನ ಜಾಗಕ್ಕೆ ಹೋದೆ. ಗಂಡ ಮುಂದೆ, ನಾವಿಬ್ಬರು ಹಿಂದೆ. ಗೋಡೆ ಮುಂದೆ ಕಾಲು ಚಾಚಿ ಕೂತ ಆ ಹುಡುಗನ ತಲೆ ನೋಡ್ತಾ ಫೋನಿನಲ್ಲಿ ಒಂದು ಉದ್ದದ ದೂರಿನ ಮೇಲ್ ಟೈಪ್ ಮಾಡಿದೆ. ನೆಟ್ ಇರಲಿಲ್ಲ, ಡ್ರಾಫ್ಟಲ್ಲೇ ಉಳೀತು.

ಆ ಮೇಲ್ ಕಳಿಸೋ ಮುಂಚೆ ವಿಷಯ ಏನು ಅಂತ ತಿಳ್ಕೊಳ್ಳೋಣ ಅಂತ ಕೂತವಳು ಹದಿನೈದು ದಿನ ಅದರಲ್ಲೇ ಮುಳುಗಿಬಿಟ್ಟೆ.

ನಮಗೆ ಗೊತ್ತಿರೋದು ಕಾರಿನ ಏರ್‌ಬ್ಯಾಗ್. ಸ್ಟಿಯರಿಂಗ್ ಒಳಗೋ ಡ್ಯಾಶ್‌ಬೋರ್ಡ್ ಒಳಗೋ ಕೂತಿರುತ್ತೆ, ಡಿಕ್ಕಿಯಾದ ತಕ್ಷಣ ನಮ್ಮ ಕಡೆಗೆ ಉಬ್ಬುತ್ತೆ. ವಿಮಾನದ್ದು ಉಲ್ಟಾ. ಚೀಲ ಬೆಲ್ಟಿನೊಳಗೇ ಮಡಚಿಕೊಂಡಿರುತ್ತೆ. ಅದರಿಂದ ಒಂದು ಕೊಳವೆ ಸೀಟಿನ ಅಡಿಗೆ ಹೋಗುತ್ತೆ. ಅಲ್ಲಿ ಅನಿಲವನ್ನು ಒತ್ತಿ ತುಂಬಿದ ಪುಟ್ಟ ಸಿಲಿಂಡರ್, ಜೊತೆಗೆ ಬ್ಯಾಟರಿ ಮತ್ತು ಸೆನ್ಸರ್ ಇರೋ ಒಂದು ಡಬ್ಬಿ. ಬಕಲ್ ಹಾಕಿದಾಗ ಮಾತ್ರ ವ್ಯವಸ್ಥೆ ಎಚ್ಚರವಾಗುತ್ತೆ. ವಿಮಾನ ನೆಲಕ್ಕೋ ಇನ್ನೇನಕ್ಕೋ ಅಪ್ಪಳಿಸಿ ವೇಗ ಏಕಾಏಕಿ ಇಳಿದರೆ ಸೆನ್ಸರ್ ಗುರುತಿಸಿ ಸಿಲಿಂಡರ್ ಬಿಡಿಸುತ್ತೆ. ಕಣ್ಣು ಮಿಟುಕಿಸೋದರೊಳಗೆ ನಮ್ಮ ಮಡಿಲಿನಿಂದ ಮೇಲಕ್ಕೆ, ನಮ್ಮಿಂದ ಆಚೆಗೆ ಒಂದು ದಿಂಬು ಎದ್ದು ನಿಲ್ಲುತ್ತೆ. ಮುಂದಕ್ಕೆ ಬಾಗಿದ ತಲೆ ಗೋಡೆಗೆ ಬಡಿಯೋ ಬದಲು ಆ ದಿಂಬಿಗೆ ಬಡಿಯುತ್ತೆ. ಆಮೇಲೆ ಅದು ತಾನೇ ಸೊರಗಿ ಬೀಳುತ್ತೆ, ಎದ್ದು ಓಡೋಕೆ ದಾರಿ ಬೇಕಲ್ಲ!

ಈ ನಮೂನೆಯ ಬೆಲ್ಟ್ ಈ ಶತಮಾನದ ಆರಂಭದಲ್ಲಿ ಪ್ರಯಾಣಿಕರ ವಿಮಾನಗಳಿಗೆ ಬಂತು. ಇದರಲ್ಲಿ ದೊಡ್ಡ ಹೆಸರು ಅಮೆರಿಕದ ಅರಿಝೋನಾದ ಫೀನಿಕ್ಸ್‌ನಲ್ಲಿರೋ ಆಮ್‌ಸೇಫ್ ಅನ್ನೋ ಕಂಪನಿಯದು. ಸೆಸ್ನಾ, ಸಿರಸ್‌ನಂಥ ಪುಟಾಣಿ ವಿಮಾನಗಳಲ್ಲಿ ಪೈಲಟ್‌ನ ಭುಜದ ಬೆಲ್ಟಿನಲ್ಲೂ ಇಂಥ ಚೀಲಗಳಿವೆ.

ಹಾಗಾದ್ರೆ ಎಲ್ಲಾ ಸೀಟಿಗೂ ಯಾಕಿಲ್ಲ? ಮೊದಲ ಸಾಲಿಗೆ, ಬಿಸಿನೆಸ್ ಕ್ಲಾಸಿಗೆ ಮಾತ್ರ ಯಾಕೆ? ನನಗೂ ಮೊದಲು ಹೊಳೆದದ್ದು, ‘ದುಡ್ಡಿದ್ದವರ ತಲೆಗೆ ದಿಂಬು, ನಮಗೆ ಬರೀ ಪಟ್ಟಿ’ ಅಂತಲೇ. ವಿಷಯ ಅದಲ್ಲ, ಉತ್ತರ ಇನ್ನೂ ಸ್ವಾರಸ್ಯವಾಗಿದೆ.

ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ 1988ರಲ್ಲಿ ಸೀಟುಗಳಿಗೆ ಹೊಸ ಪರೀಕ್ಷೆ ತಂದಿತು. ಅಲ್ಲಿಯವರೆಗೆ ಸೀಟು ಕಿತ್ತು ಬರದಿದ್ದರೆ ಸಾಕಿತ್ತು. ಹೊಸ ನಿಯಮದಲ್ಲಿ ಸೀಟಿನ ಮೇಲೆ ಗೊಂಬೆ ಕೂರಿಸಿ, ಸುಮಾರು 48 ಕಿಲೋಮೀಟರ್ ವೇಗದಿಂದ ಗಕ್ಕನೆ ನಿಲ್ಲಿಸಿ ನೋಡಬೇಕು. ಆಗ ಗೊಂಬೆಯ ಮೇಲೆ ಬೀಳೋ ಬಲ ಅದರ ತೂಕದ 16 ಪಟ್ಟು. ಇದಕ್ಕೇ ‘16 ಜಿ ಸೀಟು’ ಅನ್ನೋದು. ಸೀಟು ಉಳಿದರೆ ಸಾಲದು, ಗೊಂಬೆಯ ತಲೆಗೆ ಬಿದ್ದ ಪೆಟ್ಟನ್ನು ಒಂದು ಸೂತ್ರದಲ್ಲಿ ಲೆಕ್ಕ ಹಾಕಿದಾಗ ಬರೋ ಅಂಕ 1000 ದಾಟಬಾರದು. 2009ರ ಅಕ್ಟೋಬರ್ ಕೊನೆಯಿಂದ ಅಮೆರಿಕದ ಏರ್‌ಲೈನ್ಸ್‌ಗೆ ತಯಾರಾಗೋ ಹೊಸ ವಿಮಾನಗಳ ಎಲ್ಲಾ ಸೀಟಿಗೂ ಇದು ಕಡ್ಡಾಯವಾಯ್ತು.

ಈಗ ಮಾಮೂಲಿ ಎಕಾನಮಿ ಸಾಲು ನೋಡಿ. ಮುಂದೆ ಇನ್ನೊಂದು ಸೀಟಿನ ಬೆನ್ನು. ಅದನ್ನು ತಲೆಯ ಪೆಟ್ಟು ಹೀರಿಕೊಳ್ಳೋ ಹಾಗೆ, ಬಾಗೋ ಹಾಗೆ ಮಾಡಿರ್ತಾರೆ. ಗೋಡೆ ಹಾಗೆ ಬಾಗೋದಿಲ್ಲ. ಸೊಂಟಕ್ಕೆ ಮಾತ್ರ ಬೆಲ್ಟ್ ಕಟ್ಟಿದ ದೊಡ್ಡವರ ತಲೆ ಮುಂದಕ್ಕೆ ಬಾಗಿದರೆ ಸುಮಾರು 35 ಇಂಚು ದೂರದವರೆಗೆ ತಲುಪುತ್ತೆ ಅನ್ನೋದು ಸೀಟು ವಿನ್ಯಾಸ ಮಾಡೋರ ಲೆಕ್ಕ. ಹಾಗಾಗಿ ಗೋಡೆಯಿಂದ ಸೀಟನ್ನು ಅಷ್ಟು ಹಿಂದಕ್ಕೆ ಸರಿಸಬಹುದು. ಆದರೆ ವಿಮಾನದಲ್ಲಿ ಪ್ರತಿ ಇಂಚಿಗೂ ಬೆಲೆ ಇದೆ. ಒಂದು ಸಾಲು ಹಿಂದಕ್ಕೆ ಸರಿದರೆ ಕೊನೇಲಿ ಒಂದು ಸಾಲೇ ಹೋಗಬಹುದು. ಜಾಗ ಕೊಡೋದಕ್ಕಿಂತ ಚೀಲ ಹೊಲಿಸೋದು ಅಗ್ಗ. ಬಿಸಿನೆಸ್ ಕ್ಲಾಸಿನಲ್ಲೂ ಕಥೆ ಅದೇ. ಸೀಟುಗಳು ಓರೆಯಾಗಿ ಕೂತಿರುತ್ತವೆ, ಸುತ್ತ ಗಟ್ಟಿ ಚಿಪ್ಪು, ಎದುರಿಗೆ ದೊಡ್ಡ ಸ್ಕ್ರೀನು. ಕೆಲವು ಕಡೆ ಭುಜದ ಪಟ್ಟಿ ಕೊಡ್ತಾರೆ, ಕೆಲವು ಕಡೆ ಈ ದಪ್ಪ ಬೆಲ್ಟು.

ಅಂದ್ರೆ ನಾವು ‘ಧಾರಾಳ ಜಾಗ’ ಅಂತ ದುಡ್ಡು ಕೊಟ್ಟು ತಗೊಂಡ ಸೀಟು ತಲೆಯ ಲೆಕ್ಕದಲ್ಲಿ ಇಕ್ಕಟ್ಟಿನ ಸೀಟು! ಜಾಗ ಇದ್ದದ್ದು ಕಾಲಿಗೆ ಮಾತ್ರ.

ಚೀಲ ಇಡೋದೂ ಸುಲಭದ ಕೆಲಸವಲ್ಲ. ಇದಕ್ಕೆ ಒಪ್ಪಿಗೆ ಕೊಡುವಾಗ ಎಫ್‌ಎಎ ಹಾಕೋ ಷರತ್ತುಗಳನ್ನು ಓದಿದರೆ, ಬರೆದವರು ಕೆಟ್ಟ ಕನಸುಗಳನ್ನೆಲ್ಲಾ ಕಂಡಿದ್ದಾರೆ ಅನ್ನಿಸುತ್ತೆ. ವಿಮಾನದ ಕರೆಂಟು ಹೋದರೂ ಇದು ಕೆಲಸ ಮಾಡಬೇಕು. ವಿಮಾನ ಅಡ್ಡಲಾಗಿ ಎರಡು ತುಂಡಾದರೂ ಕೆಲಸ ಮಾಡಬೇಕು. ಸಿಡಿಲು ಬಡಿದಾಗ ಸುಮ್ಮಸುಮ್ಮನೆ ಉಬ್ಬಬಾರದು. ಬಿಟ್ಟ ಅನಿಲ ಕ್ಯಾಬಿನ್‌ನಲ್ಲಿ ಯಾರಿಗೂ ಅಪಾಯ ಮಾಡಬಾರದು. ಉಬ್ಬಿ ಹತ್ತು ಸೆಕೆಂಡ್ ಆದಮೇಲೆ ಯಾರ ಓಟಕ್ಕೂ ಅಡ್ಡ ಬರಬಾರದು. ಎರಡು ವರ್ಷದ ಮಗುವಿನಿಂದ ಹಿಡಿದು ಭಾರೀ ಗಾತ್ರದ ಗಂಡಸಿನವರೆಗೆ ಎಲ್ಲರ ಎತ್ತರವನ್ನೂ ಲೆಕ್ಕಕ್ಕೆ ತಗೋಬೇಕು. ಗರ್ಭಿಣಿ ಕೂತಿದ್ದರೆ? ಯಾರಾದರೂ ಮಗುವನ್ನು ಎತ್ತಿಕೊಂಡು ಕೂತಿದ್ದರೆ? ಅದನ್ನೂ ಯೋಚಿಸಬೇಕು.

ಅಲ್ಲಿಗೆ ನನ್ನ ಪ್ರಶ್ನೆ ಬಂತು. ಅವರೇ ಯೋಚಿಸಿದ್ದಾರೆ ಅಂದಮೇಲೆ ನನ್ನನ್ನು ಯಾಕೆ ಎಬ್ಬಿಸಿದ್ರು?

ಕಾರಣ ಮಗುವಿನ ಬೆಲ್ಟು. ನಮ್ಮ ದೇಶದಲ್ಲೂ ಯುರೋಪಿನಲ್ಲೂ ಮಡಿಲ ಮಗುವಿಗೆ ಒಂದು ಪುಟ್ಟ ಬೆಲ್ಟ್ ಕೊಡ್ತಾರಲ್ಲ, ನಮ್ಮ ಬೆಲ್ಟಿಗೆ ಪೋಣಿಸಿ ಮಗುವಿನ ಸೊಂಟಕ್ಕೆ ಸುತ್ತೋದು, ಅದು ಲೂಪ್ ಬೆಲ್ಟ್. ಅದನ್ನು ಪೋಣಿಸೋ ಜಾಗದಲ್ಲೇ ಚೀಲ ಮಡಚಿಕೊಂಡು ಕೂತಿದೆ. ಚೀಲ ಎದ್ದು ಬರೋ ದಾರಿಯಲ್ಲೇ ಮಗು. ಹಾಗಾಗಿ ಹಲವು ಏರ್‌ಲೈನ್ಸ್ ಆ ಸೀಟುಗಳಲ್ಲಿ ಮಡಿಲ ಮಗುವಿಗೆ ಅವಕಾಶ ಕೊಡೋದಿಲ್ಲ. ಮಕ್ಕಳ ಕಾರ್ ಸೀಟನ್ನೂ ಅಲ್ಲಿ ಕಟ್ಟೋಕೆ ಬಿಡೋದಿಲ್ಲ. ದಪ್ಪ ಇರೋರಿಗೆ ಬೆಲ್ಟ್ ಉದ್ದ ಮಾಡೋ ಮಾಮೂಲಿ ಪಟ್ಟಿಯೂ ಆ ಬೆಲ್ಟಿಗೆ ನಡೆಯೋದಿಲ್ಲ. ಗಗನಸಖಿ ಮಾಡಿದ್ದು ಸರಿ. ತಪ್ಪು ಮಾಡಿದ್ದು ಸೀಟು ಮಾರಿದ ವೆಬ್‌ಸೈಟು.

ಇಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ಒಂದು ಲೆಕ್ಕ ತಲೆಯಿಂದ ಹೋಗಲಿಲ್ಲ. ನನ್ನ ಮಗಳ ತೂಕ 9 ಕೆ.ಜಿ. ಆ 16 ಪಟ್ಟಿನ ಪರೀಕ್ಷೆ ಅವಳಿಗೆ ಹಾಕಿದರೆ 144 ಕೆ.ಜಿ. ಹೆಚ್ಚುಕಡಿಮೆ 25 ಕೆ.ಜಿ.ಯ ಆರು ಅಕ್ಕಿ ಮೂಟೆ. ಅಂಥ ಹೊತ್ತಿನಲ್ಲಿ ಅವಳನ್ನು ತೋಳಲ್ಲಿ ಹಿಡಿದುಕೊಳ್ತೀನಿ ಅಂತ ನಾನು ಅಂದುಕೊಂಡಿದ್ದೆ. ಬಸ್ಸಲ್ಲಿ, ಆಟೋದಲ್ಲಿ, ಸ್ಕೂಟರಲ್ಲಿ ಅಮ್ಮಂದಿರು ಹಿಡಿದುಕೊಳ್ಳೋ ಹಾಗೆ. ಯಾವ ಅಮ್ಮನ ತೋಳಿಗೂ ಅಷ್ಟು ಬಲವಿಲ್ಲ.

ಇದನ್ನು ಹುಡುಕ್ತಾ ಹೋದಾಗ ಸಿಕ್ಕಿದ್ದು ಜ್ಯಾನ್ ಬ್ರೌನ್ ಅನ್ನೋ ಗಗನಸಖಿಯ ಕಥೆ. 1989ರ ಜುಲೈ 19. ಡೆನ್ವರ್‌ನಿಂದ ಶಿಕಾಗೋಗೆ ಹೊರಟ ಯುನೈಟೆಡ್ ಏರ್‌ಲೈನ್ಸ್ 232, ಡಿಸಿ-10 ವಿಮಾನ. ಬಾಲದ ಕಡೆಯ ಎಂಜಿನ್ ಆಕಾಶದಲ್ಲೇ ಒಡೆದು ವಿಮಾನವನ್ನು ತಿರುಗಿಸೋ ಹೈಡ್ರಾಲಿಕ್ ವ್ಯವಸ್ಥೆ ಪೂರ್ತಿ ಹೋಯ್ತು. ಪೈಲಟ್‌ಗಳು ಉಳಿದ ಎರಡು ಎಂಜಿನ್‌ಗಳ ವೇಗ ಹೆಚ್ಚುಕಡಿಮೆ ಮಾಡುತ್ತಲೇ ಮುಕ್ಕಾಲು ಗಂಟೆ ವಿಮಾನ ಹಾರಿಸಿ ಅಯೋವಾದ ಸೂ ಸಿಟಿಗೆ ತಂದರು. ವಿಮಾನದಲ್ಲಿ ಮಡಿಲ ಮಕ್ಕಳು ನಾಲ್ಕು. ಆಗಿನ ಪದ್ಧತಿಯಂತೆ ಜ್ಯಾನ್ ಬ್ರೌನ್ ಆ ಮಕ್ಕಳನ್ನು ದಿಂಬು, ಕಂಬಳಿ ಸುತ್ತಿ ಕಾಲ ಬಳಿ ನೆಲದ ಮೇಲೆ ಮಲಗಿಸಿ ಹಿಡಿದುಕೊಳ್ಳಿ ಅಂತ ಹೇಳಿದಳು. ಮಿಕ್ಕವರಿಗೆಲ್ಲ ಬೆಲ್ಟ್ ಬಿಗಿ ಮಾಡಿ ಅಂತ ಹೇಳಿ, ನಾಲ್ಕು ಮಕ್ಕಳನ್ನು ಮಾತ್ರ ನೆಲಕ್ಕೆ ಹಾಕಿಸಬೇಕಾಯ್ತು.

ವಿಮಾನ ರನ್‌ವೇಗೆ ಬಡಿದು ತುಂಡಾಗಿ, ಮಗುಚಿ, ಜೋಳದ ಹೊಲಕ್ಕೆ ಹೋಗಿ ಬಿತ್ತು, ಬೆಂಕಿ ಹತ್ತಿತು. 296 ಜನರಲ್ಲಿ 112 ಮಂದಿ ಸತ್ತರು, 184 ಮಂದಿ ಉಳಿದರು. ಅಮ್ಮಂದಿರ ಕೈಯಿಂದ ಮಕ್ಕಳು ಜಾರಿಹೋದವು. ಒಂದು ಮಗುವಿನ ಅಳು ಕೇಳಿ, ಆಚೆ ಬಂದಿದ್ದ ಪ್ರಯಾಣಿಕನೊಬ್ಬ ಹೊಗೆಯೊಳಗೆ ವಾಪಸು ಹೋಗಿ ಅದನ್ನು ಎತ್ತಿಕೊಂಡು ಬಂದ. ಇನ್ನೊಂದು ಮಗು ಸಿಗಲಿಲ್ಲ. ಹೊರಗೆ ಬಂದ ಅದರ ತಾಯಿ ಮತ್ತೆ ಒಳಗೆ ಹೋಗೋಕೆ ನೋಡಿದಾಗ ಎದುರಿಗೆ ನಿಂತು ತಡೆದವಳು ಜ್ಯಾನ್ ಬ್ರೌನ್. ನೆಲದ ಮೇಲೆ ಮಲಗಿಸಿ ಅಂತ ಹೇಳಿದವಳೂ ಅವಳೇ ತಾನೇ?

ಅಲ್ಲಿಂದ ಮುಂದೆ ಹಲವು ದಶಕ ಆಕೆ ಒಂದೇ ಮಾತು ಹೇಳ್ತಾ ಬಂದಳು. ಎರಡು ವರ್ಷದೊಳಗಿನ ಮಕ್ಕಳಿಗೂ ವಿಮಾನದಲ್ಲಿ ಅವರದೇ ಸೀಟು, ಅವರದೇ ಬೆಲ್ಟ್ ಇರಬೇಕು ಅಂತ. ಅಪಘಾತ ತನಿಖೆ ಮಾಡೋ ಅಮೆರಿಕದ ಎನ್‌ಟಿಎಸ್‌ಬಿ ಕೂಡ ಅದನ್ನೇ ಶಿಫಾರಸು ಮಾಡಿತು. ಎಫ್‌ಎಎ ಕಡ್ಡಾಯ ಮಾಡಲಿಲ್ಲ. ಅದರ ವಾದ ಹೀಗೆ: ಮಗುವಿಗೂ ಟಿಕೆಟ್ ಅಂದರೆ ಖರ್ಚು ಜಾಸ್ತಿ, ಕುಟುಂಬಗಳು ವಿಮಾನ ಬಿಟ್ಟು ಕಾರಿನಲ್ಲಿ ಹೋಗುತ್ತವೆ, ರಸ್ತೆಯಲ್ಲಿ ಸಾಯೋ ಮಕ್ಕಳೇ ಹೆಚ್ಚಾಗುತ್ತಾರೆ. ಈ ವಾದವನ್ನು ತಳ್ಳಿಹಾಕೋಕೆ ನನಗೆ ಆಗೋದಿಲ್ಲ. ಒಪ್ಪೋಕೂ ಆಗೋದಿಲ್ಲ. ಚೀಲ ತುಂಬೋಕೆ, ಸೆನ್ಸರ್ ಇಡೋಕೆ, ವಿಮಾನ ಎರಡು ತುಂಡಾದರೂ ಕೆಲಸ ಮಾಡೋ ಹಾಗೆ ಮಾಡೋಕೆ ಬುದ್ಧಿ ಓಡಿದೆ. ಮಡಿಲ ಮಗುವಿನ ವಿಷಯಕ್ಕೆ ಬಂದಾಗ ಮಾತ್ರ ಎಲ್ಲರೂ ಅಮ್ಮನ ತೋಳಿನ ಕಡೆ ಕೈ ತೋರಿಸ್ತಾರೆ.

ಅಮೆರಿಕದಲ್ಲಿ ಲೂಪ್ ಬೆಲ್ಟನ್ನೂ ಟೇಕಾಫ್, ಲ್ಯಾಂಡಿಂಗ್ ಹೊತ್ತಲ್ಲಿ ಬಳಸೋ ಹಾಗಿಲ್ಲ. ಕಾರಣ ಕೇಳಿದರೆ ಹೊಟ್ಟೆ ತೊಳಸುತ್ತೆ. ಮಗುವನ್ನು ಅಮ್ಮನಿಗೆ ಕಟ್ಟಿದಾಗ, ಮುಂದಕ್ಕೆ ಬಾಗೋ ಅಮ್ಮನ ಭಾರ ಪೂರ್ತಿ ಮಗುವಿನ ಮೇಲೆ ಬೀಳುತ್ತೆ. ಕಟ್ಟದಿದ್ದರೆ ಮಗು ಹಾರಿಹೋಗುತ್ತೆ. ಒಂದು ದೇಶಕ್ಕೆ ಒಂದು ಸರಿ, ಇನ್ನೊಂದಕ್ಕೆ ಇನ್ನೊಂದು ಸರಿ.

ಮ್ಯೂನಿಕ್‌ನಿಂದ ವಿಡಿಯೋ ಕಾಲ್ ಮಾಡಿದಾಗ ಇದನ್ನೆಲ್ಲಾ ಮಾವನ ಹತ್ತಿರ ಹೇಳಿದೆ. ಅವರು ಬಿಡಲಿಲ್ಲ. ‘ಅದೆಲ್ಲಾ ಸರಿ ಕಣಮ್ಮ, ಅಷ್ಟೆತ್ತರದಿಂದ ಬಿದ್ದಮೇಲೆ ದಿಂಬು ಇದ್ರೇನು ಬಿಟ್ರೇನು?’

ಈ ಪ್ರಶ್ನೆ ನಮ್ಮೆಲ್ಲರ ಮನಸ್ಸಿನಲ್ಲೂ ಇದೆ. 2010ರ ಮೇ 22ರಂದು ಬಜ್ಪೆಯಲ್ಲಿ ವಿಮಾನ ಗುಡ್ಡದ ಕೆಳಗೆ ಜಾರಿ 166 ಜನರಲ್ಲಿ ಉಳಿದವರು ಎಂಟೇ ಮಂದಿ. ಅದನ್ನು ನೋಡಿದ ನಾಡಿನವರು ನಾವು. ಆದರೆ ಎಲ್ಲಾ ಅಪಘಾತವೂ ಬಜ್ಪೆಯಲ್ಲ, ಅಹಮದಾಬಾದೂ ಅಲ್ಲ. ಎನ್‌ಟಿಎಸ್‌ಬಿ 1983ರಿಂದ 2000ದವರೆಗೆ ಅಮೆರಿಕದ ಏರ್‌ಲೈನ್ಸ್‌ಗಳ 568 ಅಪಘಾತಗಳನ್ನು ಕೂಡಿಸಿ ನೋಡಿತು. ಅವುಗಳಲ್ಲಿದ್ದ 53,487 ಜನರಲ್ಲಿ 51,207 ಮಂದಿ ಬದುಕಿದ್ದರು. ಇದರಲ್ಲಿ ಸಣ್ಣಪುಟ್ಟವೂ ಸೇರಿವೆ ಅಂತ ನೀವು ಅನ್ನಬಹುದು, ನಿಜ. ಬೆಂಕಿ ಹತ್ತಿ, ವಿಮಾನ ನುಚ್ಚಾಗಿ, ಗಂಭೀರ ಗಾಯಗಳಾದ 26 ಘೋರ ಅಪಘಾತಗಳನ್ನು ಮಾತ್ರ ತೆಗೆದುಕೊಂಡರೂ ಅರ್ಧಕ್ಕಿಂತ ಹೆಚ್ಚು ಜನ ಉಳಿದಿದ್ದರು. 2025ರ ಫೆಬ್ರವರಿಯಲ್ಲಿ ಟೊರಾಂಟೋದಲ್ಲಿ ಇಳಿಯುವಾಗ ವಿಮಾನವೊಂದು ಪೂರ್ತಿ ತಲೆಕೆಳಗಾಯ್ತು. ಜನ ಬಾವಲಿಗಳ ಹಾಗೆ ಬೆಲ್ಟಿನಲ್ಲಿ ನೇತಾಡಿದರು. 80ಕ್ಕೆ 80 ಮಂದಿಯೂ ಬದುಕಿದರು.

ತಲೆಗೆ ಪೆಟ್ಟು ಬೀಳದೆ ಎಚ್ಚರವಿದ್ದರೆ ತಾನೇ ಬೆಲ್ಟ್ ಬಿಚ್ಚಿ ಓಡೋದು? ಏರ್‌ಬ್ಯಾಗಿನ ಕೆಲಸ ಅಷ್ಟೇ. ಅಪಘಾತ ಆದಮೇಲಿನ ಮೊದಲ ಒಂದೂವರೆ ನಿಮಿಷ ನಿಮ್ಮನ್ನು ಎಚ್ಚರವಾಗಿ ಇಡೋದು. ಇದು ಒಂದು ಸಲ ಮಾತ್ರ ಉಬ್ಬುತ್ತೆ ಅನ್ನೋದೂ ನೆನಪಿರಲಿ. ವಿಮಾನ ಎರಡು ಸಲ ಬಡಿದರೆ ಎರಡನೆಯದಕ್ಕೆ ಮಾಮೂಲಿ ಬೆಲ್ಟೇ ಗತಿ.

ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಮಗೂಗೆ ಬೇರೆ ಸೀಟು ಅಂದ್ರೆ ಎಷ್ಟಾಗುತ್ತಂತೆ?’ ಅಂತ ಕೇಳಿದರು.

ಕಮ್ಮಿಯೇನಿರಲಿಲ್ಲ. ವಾಪಸು ಬರೋ ಹೊತ್ತಿಗೆ ಮಗಳಿಗೆ ಒಂದು ವರ್ಷ ತುಂಬಿತ್ತು, ಮಡಿಲಲ್ಲಿ ಕೂರಿಸಿದ್ದರೆ ಇನ್ನೂ ಹತ್ತಿರ ಹತ್ತಿರ ಬಿಟ್ಟಿಯೇ. ನಾನೂ ಗಂಡನೂ ಎರಡು ರಾತ್ರಿ ಜಗಳವಾಡಿದೆವು. ‘ಇಷ್ಟು ಕೋಟಿ ಜನ ಮಡಿಲಲ್ಲೇ ಕೂರಿಸಿಕೊಂಡು ಹೋಗ್ತಾರೆ’ ಅಂತ ಅವರು. ಅದೂ ಸುಳ್ಳಲ್ಲ, ವಿಮಾನ ಪ್ರಯಾಣ ಅಷ್ಟು ಸುರಕ್ಷಿತವಾಗಿರೋದರಿಂದಲೇ ಈ ಪ್ರಶ್ನೆ ಯಾರಿಗೂ ಏಳೋದಿಲ್ಲ. ಕೊನೆಗೆ ತೀರ್ಮಾನ ಮಾಡಿದ್ದು ಮನೆ ಮೂಲೆಯಲ್ಲಿದ್ದ ಕಾರ್ ಸೀಟು. ಜರ್ಮನಿಯಲ್ಲಿ ಅದಿಲ್ಲದೆ ಮಗುವನ್ನು ಕಾರಿನಲ್ಲಿ ಅರ್ಧ ಕಿಲೋಮೀಟರ್ ದೂರಕ್ಕೂ ಕರ್ಕೊಂಡು ಹೋಗೋ ಹಾಗಿರಲಿಲ್ಲ, ಹೋದ ವಾರವೇ ಕೊಂಡಿದ್ದೆವು. ಅದರ ಪಕ್ಕದಲ್ಲಿ ವಿಮಾನದಲ್ಲಿ ಬಳಸಬಹುದು ಅನ್ನೋ ಟಿಯುವಿ ಸಂಸ್ಥೆಯ ಸ್ಟಿಕರ್ ಇತ್ತು. ಕಾರಲ್ಲಿ ಕಟ್ಟೋದು, ವಿಮಾನದಲ್ಲಿ ಮಡಿಲಲ್ಲಿ ಕೂರಿಸೋದು ಅಂದರೆ ಏನು ನ್ಯಾಯ ಅಂತ ಗಂಡನೇ ಅಂದರು, ಟಿಕೆಟ್ ಬುಕ್ ಮಾಡಿದರು.

ಈ ಸಲ ನಾನು ಕಸ್ಟಮರ್ ಕೇರ್‌ಗೆ ಮೊದಲೇ ಫೋನ್ ಮಾಡಿದೆ. ನೀವೂ ಚಿಕ್ಕ ಮಗುವಿನ ಜೊತೆ ಹೊರಟಿದ್ದರೆ ಮಾಡಿ. ‘ಈ ಸಾಲಿನಲ್ಲಿ ಏರ್‌ಬ್ಯಾಗ್ ಬೆಲ್ಟ್ ಇದೆಯಾ, ಮಡಿಲ ಮಗು ಕೂರಬಹುದಾ, ಕಾರ್ ಸೀಟು ಕಟ್ಟಬಹುದಾ’ ಅಂತ ನೇರವಾಗಿ ಕೇಳಿ, ಉತ್ತರವನ್ನು ಮೇಲ್‌ನಲ್ಲಿ ತರಿಸಿಕೊಳ್ಳಿ. ಮೊದಲ ಸಾಲು, ಬಿಸಿನೆಸ್ ಕ್ಲಾಸ್ ಆದರೆ ಮರೀಲೇಬೇಡಿ. ತೊಟ್ಟಿಲು ಸಿಕ್ಕುವ ಸಾಲು ಅಂದಮಾತ್ರಕ್ಕೆ ಎಲ್ಲಾ ಸರಿ ಇದೆ ಅಂತ ಅಂದುಕೊಳ್ಳಬೇಡಿ, ತೊಟ್ಟಿಲು ಹಾರಾಟದ ನಡುವೆ ಮಲಗಿಸೋಕೆ ಮಾತ್ರ. ಟೇಕಾಫ್, ಲ್ಯಾಂಡಿಂಗ್ ಹೊತ್ತಲ್ಲಿ ಮಗುವನ್ನು ಎತ್ತಿಕೊಳ್ಳಲೇಬೇಕು. ವಿಮಾನ ಹತ್ತಿದಮೇಲೆ ಬೆಲ್ಟ್ ಮುಟ್ಟಿ ನೋಡಿ. ಸಂಚಿಯ ಹಾಗೆ ದಪ್ಪಗಿದ್ದರೆ ಬಾಗಿಲು ಮುಚ್ಚೋ ಮುಂಚೆ ನೀವೇ ಹೇಳಿ. ಆ ಬೆಲ್ಟನ್ನು ತಿರುಚದೆ, ಸಡಿಲ ಬಿಡದೆ ಸೊಂಟಕ್ಕೆ ಬಿಗಿಯಾಗಿ ಹಾಕಿಕೊಳ್ಳಬೇಕು ಅನ್ನೋದು ಮಗು ಇಲ್ಲದವರಿಗೆ.

ನಮಗೆ ಇಪ್ಪತ್ತಾರನೇ ಸಾಲು ಸಿಕ್ಕಿತು. ಕಿಟಕಿ ಪಕ್ಕ ಕಾರ್ ಸೀಟು, ನಡುವೆ ನಾನು, ಆ ಕಡೆ ಗಂಡ. ಅವರ ಮೊಣಕಾಲು ಮುಂದಿನ ಸೀಟಿಗೆ ತಾಗ್ತಿತ್ತು. ಮಗಳು ಮೊದಲ ಒಂದು ಗಂಟೆ ಬೆಲ್ಟ್ ಬೇಡ ಅಂತ ಕಿರುಚಿದಳು, ಸುತ್ತಮುತ್ತಲಿನವರೆಲ್ಲಾ ನಮ್ಮನ್ನು ನೋಡಿದರು, ಎದುರಿನ ಒಬ್ಬ ಅಜ್ಜಿ ತಿರುಗಿ ‘ಪಾಪ, ಎತ್ತಿಕೊಳ್ಳಬಾರದೇನಮ್ಮ’ ಅಂದರು. ಬೆಲ್ಟ್ ಗುರುತಿನ ದೀಪ ಆರಿದ ಮೇಲೆ ಎತ್ತಿಕೊಂಡೆ. ಇಳಿಯುವಾಗ ಮತ್ತೆ ಕಟ್ಟಿದೆ, ಆಗ ಅವಳು ನಿದ್ದೆಯಲ್ಲಿದ್ದಳು.

ಡ್ರಾಫ್ಟಿನಲ್ಲಿದ್ದ ಮೇಲ್‌ನಿಂದ ಗಗನಸಖಿಯ ಬಗ್ಗೆ ಬರೆದಿದ್ದನ್ನೆಲ್ಲಾ ಅಳಿಸಿ, ಮಗು ಇರೋ ಬುಕಿಂಗಿಗೆ ಆ ಸೀಟು ಮಾರಬೇಡಿ ಅಂತ ಮಾತ್ರ ಉಳಿಸಿ ಕಳಿಸಿದೆ. ಸೀಟಿಗೆ ಕಟ್ಟಿದ ದುಡ್ಡು ನಾಲ್ಕು ವಾರದ ಮೇಲೆ ವಾಪಸು ಬಂತು. ಮಾರೋದು ನಿಲ್ಲಿಸ್ತೀವೋ ಇಲ್ಲವೋ ಅನ್ನೋದಕ್ಕೆ ಇನ್ನೂ ಉತ್ತರ ಬಂದಿಲ್ಲ.